ಸೋಲಾರ್ ವಿದ್ಯುತ್ತು: ಲೈನಿಗೆ ಕೊಡುವುದೂ ಹದವಾಗಿರಲಿ



2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ನಮ್ಮ ಧರ್ಮಕೇಂದ್ರದ ಹಲವು ಮನೆಗಳ ಮಾಡಿನ ಮೇಲೆ ಸೋಲಾರ್ ಬಂದಿದೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಬಂದಿದೆ: "ಫಾದರ್, ಒಳ್ಳೆ ಬಿಸಿಲಿರುವ ಮಧ್ಯಾಹ್ನವೇ ಇನ್ವರ್ಟರ್ ನಿಂತುಬಿಡುತ್ತದೆ. ಯಂತ್ರ ಹಾಳಾಗಿದೆಯೇ?" ಹೆಚ್ಚಿನ ಕಡೆ ಯಂತ್ರ ಸರಿಯಾಗಿಯೇ ಇರುತ್ತದೆ. ಕಾರಣವನ್ನು ನಾವು ತಿಳಿದುಕೊಳ್ಳೋಣ.

ನೀರು ಹರಿಯಬೇಕಾದರೆ ಎತ್ತರ ಬೇಕು. ಹಾಗೆಯೇ ನಮ್ಮ ವಿದ್ಯುತ್ತು ಲೈನಿಗೆ ಹೋಗಬೇಕಾದರೆ ಇನ್ವರ್ಟರಿನ ವೋಲ್ಟೇಜು ಲೈನಿನದಕ್ಕಿಂತ ತುಸು ಮೇಲಿರಬೇಕು. ತೋಟದ ಮನೆಗಳು ಟ್ರಾನ್ಸ್‌ಫಾರ್ಮರಿನಿಂದ ದೂರ. ಮಳೆಗಾಲ ಮುಗಿದು, ಅಡಿಕೆ ತೋಟದ ಪಂಪುಗಳು ಇನ್ನೂ ಓಡದ ದಿನಗಳಲ್ಲಿ ಮಧ್ಯಾಹ್ನ ಎಲ್ಲರೂ ಕೊಡುವವರೇ, ತೆಗೆದುಕೊಳ್ಳುವವರಿಲ್ಲ. ಆಗ ವೋಲ್ಟೇಜು ಏರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ಅದು ಶೇಕಡಾ 110 ದಾಟಿದರೆ, 230 ವೋಲ್ಟಿನ ಲೆಕ್ಕದಲ್ಲಿ 253 ದಾಟಿದರೆ, ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನಿನಿಂದ ಬೇರೆಯಾಗಬೇಕು.

ಒಂದು ಲೆಕ್ಕ ನೋಡಿ. 3 ಕಿಲೋವ್ಯಾಟಿನ ಘಟಕ ಸುಮಾರು 13 ಆಂಪಿಯರ್ ಕೊಡುತ್ತದೆ. ಇನ್ವರ್ಟರಿನಿಂದ ಮೀಟರಿಗೆ 50 ಮೀಟರ್ ದೂರವಿದ್ದು, 4 ಚದರ ಮಿಲಿಮೀಟರಿನ ತಾಮ್ರದ ವಯರು ಹಾಕಿದ್ದರೆ, ಅದರಲ್ಲೇ 6 ವೋಲ್ಟ್ ಏರುತ್ತದೆ. ಮೀಟರಿನಲ್ಲಿ 248 ಇದ್ದರೆ ಇನ್ವರ್ಟರಿಗೆ ಕಾಣುವುದು 254, ಅದು ನಿಲ್ಲುತ್ತದೆ. 10 ಚದರ ಮಿಲಿಮೀಟರಿನ ವಯರಾದರೆ ಏರುವುದು ಸುಮಾರು ಎರಡೂವರೆ ವೋಲ್ಟ್ ಮಾತ್ರ. ಘಟಕ ನಡೆಯುತ್ತಲೇ ಇರುತ್ತದೆ.

ನಾವು ಮಾಡಬೇಕಾದದ್ದು:

1. ಇನ್ವರ್ಟರನ್ನು ಮೀಟರಿನ ಹತ್ತಿರ ಇಡಿಸಿ. ದಪ್ಪ ವಯರು ಹಾಕಿಸಿ. ಸಡಿಲ ನ್ಯೂಟ್ರಲನ್ನೂ ಅರ್ತಿಂಗನ್ನೂ ಸರಿಪಡಿಸಿ.

2. ಪಂಪು, ಗ್ರೈಂಡರ್, ಬಟ್ಟೆ ಒಗೆಯುವ ಯಂತ್ರ ಇವನ್ನು ಹಗಲು 11ರಿಂದ 2ರೊಳಗೆ ಓಡಿಸಿ. ಅಲ್ಲೇ ಖರ್ಚಾದ ವಿದ್ಯುತ್ತು ಲೈನನ್ನು ಏರಿಸುವುದಿಲ್ಲ.

3. ಮಧ್ಯಾಹ್ನದ ವೋಲ್ಟೇಜನ್ನು ಒಂದು ವಾರ ಬರೆದಿಟ್ಟು ಸೆಕ್ಷನ್ ಕಚೇರಿಗೆ ಅರ್ಜಿ ಕೊಡಿ. ಎಲ್ಲ ಸೋಲಾರುಗಳೂ ಒಂದೇ ಫೇಸಿನಲ್ಲಿದ್ದರೆ ಹಂಚಬಹುದು. ಟ್ರಾನ್ಸ್‌ಫಾರ್ಮರಿನ ಟ್ಯಾಪನ್ನೂ ಇಳಿಸಬಹುದು.

ಮಾಡಬಾರದ್ದು ಎರಡು. ಇನ್ವರ್ಟರ್ ನಿಲ್ಲದಂತೆ 253ರ ಮಿತಿಯನ್ನು ಏರಿಸಿಕೊಡುವೆನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ಮೀಟರಿನಲ್ಲಿ ನಾಲ್ಕು ಯೂನಿಟ್ ಹೆಚ್ಚಾಗಬಹುದು. ಆದರೆ ನೆರೆಮನೆಯ ಫ್ರಿಜ್ಜು ಸುಟ್ಟೀತು. ಇನ್ನೊಂದು, ಕರೆಂಟು ಹೋದಾಗ ಇನ್ವರ್ಟರ್ ಲೈನಿಗೆ ಕೊಡುವುದನ್ನು ನಿಲ್ಲಿಸಲೇಬೇಕು. ಬ್ಯಾಟರಿಯೋ ಜನರೇಟರೋ ಇದ್ದರೆ, ಲೈನಿನಿಂದ ಪೂರ್ತಿ ಬೇರ್ಪಡಿಸುವ ಸ್ವಿಚ್ಚು ಬೇಕು. ಇಲ್ಲವಾದರೆ ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನಿನ ಪ್ರಾಣ ನಮ್ಮ ಮಾಡಿನ ವಿದ್ಯುತ್ತಿನಿಂದಲೇ ಹೋದೀತು.

ಇಷ್ಟು ದಿನ ನಾವು ಲೈನಿನಿಂದ ಪಡೆಯುವವರಾಗಿದ್ದೆವು, ಈಗ ಕೊಡುವವರೂ ಆಗಿದ್ದೇವೆ. ನೆರೆಯವರಿಗೆ ಕೇಡಾಗದಂತೆ ಕೊಡುವುದೂ ಪ್ರೀತಿಯ ಕೆಲಸವೇ. ಮಳೆ ಬಿಟ್ಟ ಮೇಲೆ ಒಮ್ಮೆ ನಿಮ್ಮ ವಯರು, ನ್ಯೂಟ್ರಲ್ ಮತ್ತು ಸ್ವಿಚ್ಚುಗಳನ್ನು ಪರವಾನಗಿಯುಳ್ಳ ವಯರ್‌ಮ್ಯಾನಿನಿಂದ ಪರೀಕ್ಷಿಸಿಕೊಳ್ಳಿ.