ಅಟ್ಟ ಹಗುರಾದರೆ ಮನಸ್ಸೂ ಹಗುರ
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಹಬ್ಬ ಬಂತೆಂದರೆ ನಾವೆಲ್ಲ ಅಟ್ಟದ ಪಾತ್ರೆ ಇಳಿಸಿ, ತೊಳೆದು, ಒರೆಸಿ ಮತ್ತೆ ಅಟ್ಟಕ್ಕೇ ಏರಿಸುತ್ತೇವೆ. ಒಂದು ದಿನವೂ ಬಳಸದ ಪಾತ್ರೆಗೆ ವರ್ಷಾ ವರ್ಷಾ ಚಾಕರಿ! ಮಂಡಿಪೇಟೆಗೆ ಹೋದಾಗ "ಅಗ್ಗ ಐತಿ" ಅಂತ ತಂದದ್ದೂ ಅಲ್ಲೇ ಸೇರುತ್ತದೆ. ಕೇಳಿದರೆ, "ಇರ್ಲಿ ಬಿಡ್ರಿ, ಯಾವಾಗಾರ ಬೇಕಾಗ್ತೈತಿ" ಅನ್ನುತ್ತೇವೆ. ಕಷ್ಟ ಕಂಡವರಿಗೆ ಈ ಮಾತು ಸಹಜ. ಆದರೆ ಹತ್ತಡಿ ಕೋಣೆಯಲ್ಲಿ ಸಾಮಾನಿಗೆ ಜಾಗವಿದ್ದು, ಮಗಳು ಕುಳಿತು ಓದಲು ಜಾಗವಿಲ್ಲದಿದ್ದರೆ ಆ ಮನೆ ಯಾರದು?

12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಆಕೆ ಬಡವಿ. ಆದರೂ ಎಷ್ಟು ಸಾಕು ಎಂಬುದು ಆಕೆಗೆ ತಿಳಿದಿತ್ತು.

ಒಂದು ಲೆಕ್ಕ ನೋಡೋಣ. ಸಂಘದಲ್ಲಿ 5,000 ರೂ. ಸಾಲವಿದೆ, ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿ ಎಂದುಕೊಳ್ಳಿ. ತಿಂಗಳಿಗೆ 100 ರೂ. ಬಡ್ಡಿಯಾಯಿತು. ಬಳಸದ ಹಿತ್ತಾಳೆ ಹಂಡೆ ಮಾರಿ 2,000 ರೂ. ಅಸಲಿಗೆ ಕಟ್ಟಿದರೆ ಬಡ್ಡಿ 60 ರೂಪಾಯಿಗೆ ಇಳಿಯುತ್ತದೆ. ವರ್ಷಕ್ಕೆ 480 ರೂ. ಉಳಿತಾಯ.

ಆರೋಗ್ಯದ ಮಾತೂ ಇದೆ. ಹಳೇ ಟೈರು, ಒಡೆದ ಬಕೆಟ್ಟಿನಲ್ಲಿ ಮಳೆ ನೀರು ನಿಂತರೆ ಸುಮಾರು ಹತ್ತು ದಿನದೊಳಗೆ ಡೆಂಗ್ಯೂ ಹರಡುವ ಸೊಳ್ಳೆ ಹುಟ್ಟಿ ಹಾರುತ್ತದೆ.

ಹೀಗೆ ಮಾಡೋಣ:

1. ವಾರಕ್ಕೆ ಒಂದೇ ಮೂಲೆ ಹಿಡಿಯೋಣ.
2. ಇಡುವುದು, ಕೊಡುವುದು, ಮಾರುವುದು ಎಂದು ಮೂರು ಗುಂಪು ಮಾಡೋಣ.
3. ಮೆತ್ತನೆ ಹಳೇ ಸೀರೆ ಕೌದಿಗೆ ಆಗುತ್ತದೆ. ನಾವು ಉಡಲಾರದಷ್ಟು ಹರಿದದ್ದನ್ನು ಬೇರೆಯವರಿಗೆ ಕೊಡುವುದು ಬೇಡ.
4. ಪಾಸ್ ಪುಸ್ತಕ, ಅಂಕಪಟ್ಟಿ, ಮನೆ ಪತ್ರ ಮೊದಲೇ ತೆಗೆದಿಡೋಣ.
5. ಅತ್ತೆಯ ಸಾಮಾನನ್ನು ಅತ್ತೆಯನ್ನು ಕೇಳದೆ ಮುಟ್ಟುವುದು ಬೇಡ.

ತವರಿನ ನೆನಪಿಗೆ ಒಂದು ತಂಬಿಗೆ ಇರಲಿ, ಹತ್ತು ಬೇಡ. ಖಾಲಿಯಾದ ಜಾಗಕ್ಕೆ ಮತ್ತೆ ಸಾಮಾನು ತರದೆ, ಅಲ್ಲಿ ಮಗಳಿಗೊಂದು ಚಾಪೆ ಹಾಸೋಣ.

ಚರ್ಚೆಗೆ:
- ಒಂದು ವರ್ಷದಿಂದ ಮುಟ್ಟದ ಯಾವ ಸಾಮಾನು ನಮ್ಮ ಮನೆಯಲ್ಲಿದೆ?
- ಸಾಲ ಮಾಡಿ ಕೊಂಡದ್ದರಲ್ಲಿ ಈಗ ಬಳಕೆಯಲ್ಲಿರುವುದು ಯಾವುದು?