ಮೇಂಟೆನೆನ್ಸ್ ದುಡ್ಡಿಗೆ ಲೆಕ್ಕ ಕೇಳೋಣ



ಈ ಸಲದ ಪಾಠ ಪಟ್ಟಣದಲ್ಲಿ ಫ್ಲ್ಯಾಟ್ ಮನೆಗಳಲ್ಲಿರುವ ನಮ್ಮ ಸದಸ್ಯರಿಗಾಗಿ. “ಹೋದ ತಿಂಗಳವರೆಗೆ ಆರುನೂರು ಇತ್ತು. ಈ ತಿಂಗಳಿಂದ ಎಂಟುನೂರೈವತ್ತು ಅಂತ ಗೇಟಿಗೆ ಚೀಟಿ ಅಂಟಿಸಿದ್ದಾರೆ. ಯಾಕೆ ಅಂತ ಕೇಳಿದ್ರೆ, ಎಲ್ಲಾ ರೇಟೂ ಏರಿಲ್ವಾ ಅಂತಾರೆ” – ಸಂಘಗಳ ಸಭೆಗೆ ಹೋದಾಗ ನಾವು ಇಂಥ ಮಾತು ಕೇಳುತ್ತಲೇ ಇರುತ್ತೇವೆ. 250 ರೂಪಾಯಿ ಏನು ಮಹಾ ಎನ್ನಬಹುದು. ಆದರೆ ವಾರಕ್ಕೆ 50 ರೂಪಾಯಿ ಉಳಿತಾಯ ಕಟ್ಟುವ ಸದಸ್ಯೆಗೆ ಅದು ಐದು ವಾರದ ಉಳಿತಾಯ. ಹಾಗಾಗಿ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು ನಮ್ಮ ಹಕ್ಕು, ನಮ್ಮ ಜವಾಬ್ದಾರಿ ಕೂಡ.

ಲೆಕ್ಕ ಕೇಳುವುದು ಸಂಶಯ ಪಟ್ಟಂತಲ್ಲ

ಲೆಕ್ಕ ಕೇಳಲು ನಾವು ಹಿಂಜರಿಯುವುದೇಕೆ? “ಕಳ್ಳರು ಅಂದ ಹಾಗಾಗುತ್ತೆ”, “ನಾಳೆ ಮುಖ ನೋಡ್ಬೇಕಲ್ಲ”, “ಓದಿದವರ ಮುಂದೆ ನಾವೇನು ಮಾತಾಡೋದು” – ಹೀಗೆ ಕಾರಣ ಹೇಳುತ್ತೇವೆ. ಆದರೆ ನಮ್ಮ ಸ್ವಸಹಾಯ ಸಂಘದಲ್ಲಿ ಏನು ಮಾಡುತ್ತೇವೆ? ಪ್ರತಿ ಸಭೆಯಲ್ಲೂ ಹಣ ಎಣಿಸುತ್ತೇವೆ, ಪಾಸ್‌ಪುಸ್ತಕಕ್ಕೆ ಬರೆಸುತ್ತೇವೆ, ನಿರ್ಣಯ ಓದಿ ಸಹಿ ಹಾಕುತ್ತೇವೆ. ಪ್ರತಿನಿಧಿಯ ಮೇಲೆ ಸಂಶಯ ಇದೆ ಅಂತ ಯಾರೂ ಹೀಗೆ ಮಾಡುವುದಿಲ್ಲ. ಪುಸ್ತಕ ಸರಿಯಿದ್ದರೆ ಪ್ರತಿನಿಧಿಗೇ ರಕ್ಷಣೆ.

ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಸಕಾಲ ಮರುಪಾವತಿ, ಸರಿಯಾದ ಪುಸ್ತಕ – ಈ ಪಂಚಸೂತ್ರ ನಮಗೆ ಬಾಯಿಪಾಠ. ಇದರಲ್ಲಿ ಸಭೆ ಮತ್ತು ಪುಸ್ತಕ, ಈ ಎರಡು ಸೂತ್ರ ಕಟ್ಟಡದ ಅಸೋಸಿಯೇಷನ್ನಿಗೂ ಸಾಕು. ಲೆಕ್ಕ ನೋಡುವ ವಿದ್ಯೆ ನಮಗೆ ಹೊಸದಲ್ಲ. ಅದನ್ನೇ ಮನೆಯ ಮೆಟ್ಟಿಲವರೆಗೆ ತರಬೇಕು, ಅಷ್ಟೆ.

ಮೇಂಟೆನೆನ್ಸ್ ಯಾವುದಕ್ಕೆ?

ನಮ್ಮ ಬಾಗಿಲಿನ ಒಳಗಿನದು ನಮ್ಮ ಖರ್ಚು. ಹೊರಗಿನ ಮೆಟ್ಟಿಲು, ತಾರಸಿ, ಸಂಪು, ಮೋಟಾರು, ಲಿಫ್ಟು, ಚರಂಡಿ, ಗೇಟು ಎಲ್ಲರದೂ. ಅವುಗಳ ಖರ್ಚಿಗೆ ಎಲ್ಲರೂ ಕೊಡುವ ಪಾಲೇ ಮೇಂಟೆನೆನ್ಸ್. ಇದರಲ್ಲಿ ಎರಡು ಬಗೆಯಿದೆ. ಗುಡಿಸುವವರ ಸಂಬಳ, ಕರೆಂಟು, ನೀರು – ಇವು ತಿಂಗಳು ತಿಂಗಳು ಬರುವ ಖರ್ಚು. ಮೋಟಾರು ಸುಟ್ಟರೆ ರಿಪೇರಿ, ಸುಣ್ಣಬಣ್ಣ, ತಾರಸಿ ಸೋರಿಕೆ – ಇವು ಒಮ್ಮೊಮ್ಮೆ ಬರುವ ಖರ್ಚು. ಒಮ್ಮೆ ಬಂದ ಖರ್ಚಿಗೆ ತಿಂಗಳ ದರವನ್ನೇ ಶಾಶ್ವತವಾಗಿ ಏರಿಸಿದ್ದಾರೆಯೇ? ಮೊದಲು ನೋಡಬೇಕಾದದ್ದು ಇದನ್ನು.

ಇನ್ನೊಂದು ಗೊಂದಲ ಕರೆಂಟಿನದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ “ಕರೆಂಟ್ ಫ್ರೀ ಅಲ್ವಾ, ಮತ್ತೆ ಯಾಕೆ ದುಡ್ಡು?” ಎಂದು ಕೆಲವರು ಕೇಳುತ್ತಾರೆ. ಮನೆಯ ಮೀಟರು ಬೇರೆ, ಮೋಟಾರು ಮತ್ತು ಮೆಟ್ಟಿಲ ದೀಪದ ಮೀಟರು ಬೇರೆ. ಎರಡನೆಯದರ ಬಿಲ್ ಎಲ್ಲರೂ ಸೇರಿ ಕಟ್ಟಬೇಕು. ಆ ಬಿಲ್ಲಿನಲ್ಲೂ ಆರ್.ಆರ್. ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಬಿಲ್ ಎಷ್ಟು ಬಂದಿದೆ ಎಂದು ನಾವೇ ತಾಳೆ ನೋಡಬಹುದು.

ಒಂದು ಲೆಕ್ಕ ಮಾಡಿ ನೋಡೋಣ

ಒಂದು ಕಟ್ಟಡದಲ್ಲಿ 24 ಮನೆ ಎಂದು ಇಟ್ಟುಕೊಳ್ಳೋಣ. ಮನೆಗೆ 600 ರೂ. ಇದ್ದಾಗ ತಿಂಗಳ ವಸೂಲಿ 14,400 ರೂ. ಖರ್ಚು ಹೀಗಿತ್ತು:

ಗುಡಿಸುವವರ ಸಂಬಳ – 4,500 ರೂ.
ಮೋಟಾರು, ಮೆಟ್ಟಿಲ ಕರೆಂಟು – 3,200 ರೂ.
ನಲ್ಲಿ ನೀರಿನ ಬಿಲ್ – 2,400 ರೂ.
ಟ್ಯಾಂಕರ್ 4, ಒಂದಕ್ಕೆ 900ರಂತೆ – 3,600 ರೂ.
ಒಟ್ಟು – 13,700 ರೂ. ಉಳಿಕೆ – 700 ರೂ.

ಈಗ ದರ 850 ಆಯಿತು. ವಸೂಲಿ 20,400 ರೂ., ಅಂದರೆ ತಿಂಗಳಿಗೆ 6,000 ರೂ. ಹೆಚ್ಚು. ಕಾರಣ ಕೇಳಿದರೆ, “ಬೇಸಿಗೆ ಅಲ್ವಾ, ಟ್ಯಾಂಕರ್ ಏಳಾಯ್ತು. ಮೋಟಾರು ಬೇರೆ ಸುಟ್ಟು 6,500 ಹೋಯ್ತು” ಎಂದರು. ಸರಿ, ಕೂಡೋಣ. ಮೂರು ಟ್ಯಾಂಕರ್ ಹೆಚ್ಚಾದರೆ 2,700 ರೂ. ಆರು ಸಾವಿರದಲ್ಲಿ ಅದು ಕಳೆದರೆ 3,300. ಹಳೆಯ ಉಳಿಕೆ 700 ಸೇರಿದರೆ ತಿಂಗಳಿಗೆ 4,000 ಉಳಿಯಬೇಕು. ವರ್ಷಕ್ಕೆ 48,000. ಮೋಟಾರಿನ 6,500 ಕಳೆದರೂ 41,500 ರೂ. ಬ್ಯಾಂಕಿನಲ್ಲಿರಬೇಕು. ಮಳೆ ಬಂದು ಟ್ಯಾಂಕರ್ ಕಡಿಮೆಯಾದರೆ ಇನ್ನೂ ಹೆಚ್ಚು.

ಈ ದುಡ್ಡು ಯಾರೋ ತಿಂದಿದ್ದಾರೆ ಎಂದು ನಾವು ಹೇಳುತ್ತಿಲ್ಲ. ಬಣ್ಣ ಬಳಿಸಲು ಇಟ್ಟಿರಬಹುದು. ಅಥವಾ ಐದು ಮನೆಯವರು ದುಡ್ಡೇ ಕೊಡುತ್ತಿಲ್ಲದಿರಬಹುದು. ಐದು ಮನೆ ಎಂದರೆ 4,250 ರೂ. ಅಲ್ಲಿಗೆ ತಿಂಗಳ ಉಳಿಕೆ ಪೂರ್ತಿ ಹೋಯಿತು! ಆಗ ತಪ್ಪು ಸೆಕ್ರೆಟರಿಯದಲ್ಲ, ಬಾಕಿ ಇಟ್ಟವರದು. ಕೊಡುವವರು ಕೊಡದವರ ಪಾಲನ್ನೂ ಹೊರುತ್ತಿದ್ದಾರೆ. ಪುಸ್ತಕ ನೋಡದೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಸಂಬಳವಿಲ್ಲದೆ ದುಡಿಯುವ ಪ್ರಾಮಾಣಿಕ ಸೆಕ್ರೆಟರಿಯ ಮೇಲೂ ಗಾಳಿಮಾತು ಹುಟ್ಟುವುದು ಹೀಗೆಯೇ.

ನೋಡಬೇಕಾದ ಆರು ವಿಷಯಗಳು

1. ದರ ಏರಿಸಲು ಸಭೆ ಕರೆದಿದ್ದರೇ? ನಿರ್ಣಯ ಪುಸ್ತಕದಲ್ಲಿ ಬರೆದಿದೆಯೇ?
2. ದುಡ್ಡು ಹೋಗುವುದು ಅಸೋಸಿಯೇಷನ್ ಹೆಸರಿನ ಬ್ಯಾಂಕ್ ಖಾತೆಗೋ, ಯಾರದೋ ಸ್ವಂತ ಫೋನ್‌ಪೇ ನಂಬರಿಗೋ?
3. ಕೊಟ್ಟ ದುಡ್ಡಿಗೆ ನಂಬರ್ ಇರುವ ರಸೀದಿ ಬರುತ್ತಿದೆಯೇ?
4. ಖರ್ಚಿಗೆ ಬಿಲ್ ಇದೆಯೇ? ತಾರೀಖು, ಅಂಗಡಿ ಹೆಸರು ಇಲ್ಲದ ಬಿಳಿ ಚೀಟಿಗಳೇ ಹೆಚ್ಚಿವೆಯೇ? ಒಂದೇ ಮೋಟಾರಿಗೆ ವರ್ಷದಲ್ಲಿ ಮೂರು ಸಲ ರಿಪೇರಿ ಬರೆದಿದೆಯೇ?
5. “ಇತರೆ ಖರ್ಚು” ಎಂಬ ಸಾಲು ಎಷ್ಟು ದೊಡ್ಡದಿದೆ?
6. ಯಾರ ಬಾಕಿ ಎಷ್ಟು? ವರ್ಷದ ಕೊನೆಯ ಉಳಿಕೆ ಪಾಸ್‌ಪುಸ್ತಕಕ್ಕೆ ತಾಳೆಯಾಗುತ್ತದೆಯೇ?

ಕೇಳುವ ಕ್ರಮ

ಮೆಟ್ಟಿಲ ಮೇಲೆ, ನೀರಿನ ಜಗಳದ ನಡುವೆ ಲೆಕ್ಕ ಕೇಳಬೇಡಿ. ಅದು ಜಗಳವಾಗಿಯೇ ಉಳಿಯುತ್ತದೆ. ಒಬ್ಬರೇ ಹೋಗಬೇಡಿ, ನಾಲ್ಕೈದು ಮನೆಯವರು ಸೇರಿ ಹೋಗಿ. ಬಾಯಿಮಾತು ಸಾಲದು, ಬರೆದು ಕೊಡಿ. ಪತ್ರ ಚಿಕ್ಕದಿದ್ದರೆ ಸಾಕು:

“ಕಾರ್ಯದರ್ಶಿಯವರಿಗೆ ನಮಸ್ಕಾರ. ಮೇಂಟೆನೆನ್ಸ್ ಹಣ 600ರಿಂದ 850 ರೂಪಾಯಿಗೆ ಏರಿದೆ. ಕಳೆದ ಒಂದು ವರ್ಷದ ಜಮಾ-ಖರ್ಚು, ಬಿಲ್ಲುಗಳು, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಬಾಕಿ ಪಟ್ಟಿಯನ್ನು ನೋಡಲು ದಯವಿಟ್ಟು ಒಂದು ದಿನ ತಿಳಿಸಬೇಕು. ಲೆಕ್ಕ ಎಲ್ಲರಿಗೂ ತಿಳಿಸಲು ಸಭೆ ಕರೆಯಬೇಕಾಗಿ ಕೋರುತ್ತೇವೆ.”

ಕೆಳಗೆ ಎಲ್ಲರ ಸಹಿ, ಮನೆ ನಂಬರ್, ತಾರೀಖು ಇರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ತಲುಪಿದೆ’ ಎಂದು ಸಹಿ ಪಡೆದು ಜೋಪಾನವಾಗಿಡಿ.

ಲೆಕ್ಕ ಸಿಗುವವರೆಗೆ ದುಡ್ಡೇ ಕೊಡುವುದಿಲ್ಲ ಎಂದು ಹಟ ಹಿಡಿಯುವುದು ಬೇಡ. ಹಾಗೆ ಮಾಡಿದರೆ ನೀರು ನಿಲ್ಲುವುದು ನಮಗೇ, ಮಾತು ಸೋಲುವುದೂ ನಮ್ಮದೇ. “ನೀವೇ ಬಾಕಿದಾರರು, ನಿಮಗೇನು ಲೆಕ್ಕ?” ಎಂದು ಬಾಯಿ ಮುಚ್ಚಿಸುತ್ತಾರೆ. “ನಾನು ಲಿಫ್ಟ್ ಹತ್ತೋದೇ ಇಲ್ಲ” ಎಂಬ ವಾದವೂ ನಿಲ್ಲುವುದಿಲ್ಲ. ಸಾಮಾನ್ಯ ಸೌಕರ್ಯ ಬಳಸುವುದಿಲ್ಲ ಎಂದು ಹೇಳಿ ಪಾಲು ಕೊಡುವುದರಿಂದ ತಪ್ಪಿಸಿಕೊಳ್ಳಲಾಗದು ಎಂದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲೇ ಬರೆಯಲಾಯಿತು. ಹಾಗಾಗಿ ದುಡ್ಡು ಕಟ್ಟಿ, ರಸೀದಿ ಪಡೆದು, ರಸೀದಿ ಕೈಯಲ್ಲಿ ಹಿಡಿದೇ ಲೆಕ್ಕ ಕೇಳಿ.

ಉತ್ತರ ಬಾರದಿದ್ದರೆ?

ಮೊದಲು ಅಸೋಸಿಯೇಷನ್ ಯಾವ ಕಾಯ್ದೆಯಲ್ಲಿ ನೋಂದಣಿಯಾಗಿದೆ ಎಂದು ತಿಳಿಯಿರಿ. ಬೈಲಾದ ಪ್ರತಿಯನ್ನೂ ಕೇಳಿ ಪಡೆಯಿರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗಿದ್ದರೆ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಕರೆದು ಲೆಕ್ಕ ಇಡಬೇಕು, ನೋಂದಣಿ ಕಚೇರಿಗೂ ಸಲ್ಲಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಅರ್ಜಿ ಕೊಟ್ಟರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳು ವಿಚಾರಣೆ ನಡೆಸಬೇಕು. 24 ಸದಸ್ಯರಿದ್ದಲ್ಲಿ 8 ಸಹಿ ಸಾಕು. ಸಹಕಾರ ಸಂಘವಾಗಿದ್ದರೆ 1959ರ ಸಹಕಾರ ಸಂಘಗಳ ಕಾಯ್ದೆಯಂತೆ ಸಹಕಾರ ಇಲಾಖೆಗೆ ಹೋಗಬೇಕು. ಹೊಸ ಕಟ್ಟಡವಾಗಿದ್ದು ಇನ್ನೂ ಬಿಲ್ಡರೇ ನೋಡಿಕೊಳ್ಳುತ್ತಿದ್ದರೆ, ಅಸೋಸಿಯೇಷನ್ ವಹಿಸಿಕೊಳ್ಳುವವರೆಗೆ ನ್ಯಾಯವಾದ ದರದಲ್ಲಿ ಸೌಕರ್ಯ ಕೊಡುವುದು 2016ರ ರೇರಾ ಕಾಯ್ದೆಯಂತೆ ಅವರ ಹೊಣೆ.

ನೋಂದಣಿ ಕಚೇರಿಯಲ್ಲಿರುವ ಲೆಕ್ಕದ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಉತ್ತರಕ್ಕೆ 30 ದಿನ ಅವಧಿ. ಕಾನೂನಿನ ಸಲಹೆ ಬೇಕಾದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ.

ಸಹಿ ಯಾರದು?

ಇಲ್ಲಿ ಹೆಂಗಸರಿಗೆ ಒಂದು ತೊಡಕಿದೆ. ನೀರು ಹಿಡಿಯುವವರು ನಾವು, ತಿಂಗಳ ದುಡ್ಡು ಹೊಂದಿಸುವವರು ನಾವು. ಆದರೆ ಮನೆಪತ್ರ ಗಂಡನ ಹೆಸರಲ್ಲಿದ್ದರೆ ಸದಸ್ಯರು ಅವರೇ. ಅವರು ಸಭೆಗೆ ಹೋಗುವುದಿಲ್ಲ, ನಮಗೆ ಮತವಿಲ್ಲ. ಬೈಲಾದಲ್ಲಿ ಅವಕಾಶವಿದ್ದರೆ ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಸಭೆಗೆ ಹೋಗಿ. ಇಲ್ಲವಾದರೆ ಅವರನ್ನೇ ಹೊರಡಿಸಿ, ಕೇಳಬೇಕಾದ ಪ್ರಶ್ನೆ ಬರೆದು ಕೈಗೆ ಕೊಡಿ! ಮುಂದೆ ಮನೆ ಕೊಳ್ಳುವವರು ಇಬ್ಬರ ಹೆಸರಲ್ಲೂ ಪತ್ರ ಮಾಡಿಸಿಕೊಳ್ಳಿ. ಬಾಡಿಗೆಗೆ ಇರುವವರು ಮನೆ ಮಾಲೀಕರ ಮೂಲಕ ಕೇಳಬೇಕು. ಮೇಂಟೆನೆನ್ಸ್ ಯಾರು ಕೊಡಬೇಕು, ಏರಿದರೆ ಹೆಚ್ಚಿನ ದುಡ್ಡು ಯಾರದು ಎಂದು ಕರಾರುಪತ್ರದಲ್ಲೇ ಬರೆಸಿಕೊಳ್ಳಿ.

ಲೆಕ್ಕ ಸರಿಯಿದ್ದರೆ ಸಭೆಯಲ್ಲಿ ಎದ್ದು ನಿಂತು ಸೆಕ್ರೆಟರಿಯವರಿಗೆ ವಂದನೆ ಹೇಳಿ. ಮುಂದಿನ ಸಮಿತಿಗೆ ಹೆಂಗಸರ ಹೆಸರನ್ನೂ ಸೂಚಿಸಿ. ಸಂಘದಲ್ಲಿ ವರ್ಷಗಟ್ಟಲೆ ಪುಸ್ತಕ ಬರೆದ ಕೈಗೆ ಕಟ್ಟಡದ ಪುಸ್ತಕ ಕಷ್ಟವಲ್ಲ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಕಟ್ಟಡದ ಲೆಕ್ಕವನ್ನು ಕೊನೆಯ ಸಲ ನೋಡಿದ್ದು ಯಾವಾಗ?
2. ಲೆಕ್ಕ ಕೇಳಲು ನಮಗೆ ಅಡ್ಡಿಯಾಗಿರುವುದು ಏನು – ಹೆದರಿಕೆಯೋ, ಸಂಕೋಚವೋ, ಬಾಕಿಯೋ?
3. ಬಾಕಿ ಇಟ್ಟವರಲ್ಲಿ ನಮ್ಮ ಸದಸ್ಯರೂ ಇದ್ದರೆ ಏನು ಮಾಡಬೇಕು?

ಮುಂದಿನ ಸಭೆಗೆ: ಕಳೆದ ಆರು ತಿಂಗಳ ಮೇಂಟೆನೆನ್ಸ್ ರಸೀದಿಗಳನ್ನು ಪ್ರತಿಯೊಬ್ಬರೂ ತನ್ನಿ. ರಸೀದಿ ಇಲ್ಲದವರು ಈ ತಿಂಗಳಿಂದಲೇ ಕೇಳಿ ಪಡೆಯಿರಿ.