ಯಾವ ಗದ್ದೆ, ಯಾರ ಗದ್ದೆ ಎಂದು ಕೇಳು

ಪ್ರೀತಿಯ ಕೂಸೇ,

ಮದುವೆಮನೆಯ ಚಪ್ಪರದಲ್ಲಿ ಮುಳುಗಡೆಯ ಹಿರಿಯರು ಹಳೆಯ ಊರಿನ ಮಾತಾಡುವುದನ್ನು ಕೇಳಿ, ಅದನ್ನೆಲ್ಲ ಬರೆದಿಡಬೇಕೆಂದು ನಿನಗೆ ಅನ್ನಿಸಿದೆಯಂತೆ. ನಿನ್ನ ಅಪ್ಪ ಫೋನಿನಲ್ಲಿ ಹೇಳಿದಾಗ ನನ್ನ ಮನಸ್ಸು ತುಂಬಿತು. ಶರಾವತಿಯ ಹಿನ್ನೀರಿನಡಿ ಹೋದ ಊರುಗಳಲ್ಲಿ ಹುಟ್ಟಿ ಬೆಳೆದವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ತಡಮಾಡದೆ ಹೊರಟಿದ್ದೀಯ, ಒಳ್ಳೆಯದಾಯಿತು. ನಮ್ಮಂಥವರನ್ನು ಹೇಗೆ ಕೇಳಬೇಕು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ನಮ್ಮಷ್ಟಕ್ಕೆ ಬಿಟ್ಟರೆ ನಾವು ಸಿಹಿಯನ್ನೇ ಹೇಳುತ್ತೇವೆ. ಹೊಳೆಯಲ್ಲಿ ಈಜಿದ್ದು, ಆಲೆಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಕಬ್ಬಿನಹಾಲು ಕುಡಿದದ್ದು, ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಬಂದದ್ದು. ಎಲ್ಲವೂ ನಿಜ. ಆದರೆ ಅಷ್ಟನ್ನೇ ಬರೆದರೆ ಅದು ಮಲೆನಾಡಿನ ಯಾವ ಊರಿಗೂ ಸಲ್ಲುತ್ತದೆ, ನಮ್ಮ ಊರು ಅದರಲ್ಲಿ ಸಿಗುವುದಿಲ್ಲ. ಊರು ಕಣ್ಣೆದುರು ಇದ್ದಿದ್ದರೆ ಹೇಳಿದ್ದು ತಪ್ಪಾದರೂ ಹೋಗಿ ನೋಡಿ ತಿದ್ದಿಕೊಳ್ಳಬಹುದಿತ್ತು. ನಮಗೆ ಆ ಅನುಕೂಲವಿಲ್ಲ. ಅದಕ್ಕೇ ಹೇಳುತ್ತೇನೆ, ಕೇಳುವಾಗ ಕೆಲಸದಿಂದ ಶುರುಮಾಡು. 'ಆಗ ಚೆನ್ನಾಗಿತ್ತಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. 'ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಕೆಲಸ ಏನಿತ್ತು?' ಎಂದು ಕೇಳಿ ನೋಡು.

ನನ್ನನ್ನು ಕೇಳಿದರೆ ಅಬ್ಬಿ ನೀರಿನಿಂದ ಹೇಳಲು ಶುರುಮಾಡುತ್ತೇನೆ. ಗುಡ್ಡದ ಒರತೆಯಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳಕ್ಕೆ ಬರುವ ನೀರು ಅದು. ದಂಬೆಗೆ ದರಕು ಸಿಕ್ಕಿಕೊಂಡು ನೀರು ನಿಂತರೆ ಹತ್ತಿ ಹೋಗಿ ಬಿಡಿಸುವುದು ಮಕ್ಕಳ ಕೆಲಸ. ಆಮೇಲೆ ಕೊಟ್ಟಿಗೆಗೆ ಸೊಪ್ಪು ಹಾಸಬೇಕು. ಸುಗ್ಗಿಯಲ್ಲಂತೂ ಶಾಲೆಯಿಂದ ಬಂದವರು ನೇರ ಅಡಿಕೆ ರಾಶಿಯ ಮುಂದೆ. ಅಡಿಕೆ ಗೊನೆ ಇಳಿಸುವ ಕೊನೆಗೌಡ ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟಿಕೊಂಡು ಹೋಗುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ರಾತ್ರಿ ಲಾಟೀನಿನ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿತ. ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಿದ್ದರು, ಮರುದಿನ ನಾವು ಅವರ ಮನೆಗೆ. ಮಹಾಭಾರತದ ಮುಕ್ಕಾಲು ಭಾಗ ನಾನು ಕಲಿತದ್ದು ಆ ಸುಲಿತದ ಮುಂದೆ ಕೂತು. ನಿದ್ದೆ ಬರದಿರಲೆಂದು ಯಾರಾದರೂ ತಾಳಮದ್ದಲೆಯ ಮಾತು ಎತ್ತಿಕೊಳ್ಳುತ್ತಿದ್ದರು. ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸಿ, ಚೊಗರು ಹಾಕಿ, ಅಟ್ಟದ ಮೇಲೆ ಒಣಗಿಸುವ ತನಕ ನಮ್ಮ ಬೆರಳುಗಳ ಕಪ್ಪು ಹೋಗುತ್ತಿರಲಿಲ್ಲ.

ಹೀಗೆ ಕೆಲಸದ ಬೆನ್ನು ಹಿಡಿದು ಹೋದರೆ ಜಾಗಗಳ ಹೆಸರು ತಾವಾಗಿ ಬರುತ್ತವೆ. ಅವನ್ನು ಬಿಡಬೇಡ. ಒಂದೊಂದು ಗದ್ದೆಗೆ, ಹಳ್ಳದ ಒಂದೊಂದು ತಿರುವಿಗೆ, ಬೆಟ್ಟದ ಒಂದೊಂದು ಇಳಿಜಾರಿಗೆ ಹೆಸರಿತ್ತು. ಹೇಳುವವರ ಮುಂದೆ ದೊಡ್ಡ ಹಾಳೆಯೊಂದನ್ನು ಹಾಸಿ ಊರಿನ ನಕ್ಷೆ ಬರೆಯಲು ಹೇಳು. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ. ಇಲ್ಲಿ ಕಡವು, ಇಲ್ಲಿ ಕಾಲುಸಂಕ, ಇಲ್ಲಿ ಭೂತನ ಕಟ್ಟೆ ಎಂದು ಬೆರಳಿಡುವಾಗ, ಬಾಯಲ್ಲಿ ಬರದೆ ಉಳಿದದ್ದೂ ಬರುತ್ತದೆ. ಅದು ಸಿಕ್ಕ ಮೇಲೆ ಮುಳುಗಡೆಗೆ ಮುಂಚಿನ ಗ್ರಾಮನಕ್ಷೆಗಳನ್ನು ಕಂದಾಯ ಮತ್ತು ಭೂಮಾಪನ ಇಲಾಖೆಗಳಲ್ಲಿ ವಿಚಾರಿಸು. ಸರ್ವೆ ನಂಬರು ಅಲ್ಲಿ ಸಿಗಬಹುದು. ಗದ್ದೆಯನ್ನು ಏನೆಂದು ಕರೆಯುತ್ತಿದ್ದರು ಎಂಬುದು ನಮ್ಮಲ್ಲೇ ಸಿಗಬೇಕು.

ಅಪ್ಪೆಮಿಡಿಯ ವಿಷಯವನ್ನು ಹೆಂಗಸರ ಹತ್ತಿರವೇ ಕೇಳು. ಗಂಡಸರು ಮರ ಹತ್ತಿದ ಕಥೆ ಹೇಳುತ್ತಾರೆ, ಮಿಡಿಯನ್ನು ಬಲ್ಲವರು ಹೆಂಗಸರು. ಶರಾವತಿಯ ದಂಡೆಯುದ್ದಕ್ಕೂ ಮಾವಿನ ಮರಗಳಿದ್ದವು, ಒಂದೊಂದರ ಪರಿಮಳವೂ ಬೇರೆ. ಒಂದರಲ್ಲಿ ಜೀರಿಗೆಯ ವಾಸನೆ, ಇನ್ನೊಂದರ ಹುಳಿ ತೀಕ್ಷ್ಣ, ಮತ್ತೊಂದು ವರ್ಷಗಟ್ಟಲೆ ಭರಣಿಯಲ್ಲಿಟ್ಟರೂ ಮೆತ್ತಗಾಗದು. ತೊಟ್ಟು ಮುರಿಯದಂತೆ, ಪೆಟ್ಟಾಗದಂತೆ ಇಳಿಸಿ, ಸೊನೆಯನ್ನು ಜೋಪಾನ ಮಾಡಿ, ಉಪ್ಪಿನಲ್ಲಿ ಚಿರುಟಿಸುವ ಕ್ರಮವನ್ನು ನಿನ್ನ ದೊಡ್ಡಜ್ಜಿಯಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ. ಯಾವ ಮರದ ಮಿಡಿ ಯಾವ ಭರಣಿಗೆ ಎಂಬ ಲೆಕ್ಕ ಅವಳ ತಲೆಯಲ್ಲಿತ್ತು. ನೀರು ಬಂದಾಗ ಆ ಮರಗಳೆಲ್ಲ ಹೋದವು. ಈಗ ಸಾಗರ, ಶಿರಸಿಯ ಕಡೆ ಅಪ್ಪೆಮಿಡಿಯ ಕಸಿಗಿಡ ಮಾಡುತ್ತಾರೆ, ಉಳಿದ ತಳಿಗಳನ್ನು ಹುಡುಕಿ ತಂದು ನೆಡುವವರಿದ್ದಾರೆ. ಹೊಳೆಯಂಚಿನಲ್ಲಿ ಯಾವ ಬಗೆಯ ಮಿಡಿಗಳಿದ್ದವು ಎಂದು ನಮ್ಮ ಅಜ್ಜಿಯಂದಿರು ಹೇಳಿದರೆ ಅಂಥವರಿಗೆ ಅದರಿಂದ ಉಪಕಾರವಾಗುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಚಪ್ಪರದಲ್ಲಿ ನೀನು ಕೇಳಿದ್ದು ತೋಟ ಗದ್ದೆ ಇದ್ದವರ ಮಕ್ಕಳ ಬಾಲ್ಯ. ನಾನೂ ಆ ಪೈಕಿಯವನೇ. ಅದೇ ಊರಿನಲ್ಲಿ ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ದೀವರ ಮನೆಗಳಿದ್ದವು, ಅಡಿಕೆ ಹೊರುತ್ತಿದ್ದವರ ಗುಡಿಸಲುಗಳಿದ್ದವು. ಅವರಿಗೂ ಬಾಲ್ಯವಿತ್ತು. ನಾವು ಹಾಯಾಗಿದ್ದ ಮಳೆಗಾಲದಲ್ಲಿ ಅವರ ತಾಯಂದಿರು ಗೊರಬು ಹೊದ್ದು ದಿನವಿಡೀ ನೀರಿನಲ್ಲಿ ಬಗ್ಗಿ ನಿಂತು ನಾಟಿ ಮಾಡುತ್ತಿದ್ದರು. ಕಾಗೋಡು ನಮ್ಮ ಸಾಗರ ತಾಲ್ಲೂಕಿನದೇ ಊರು. ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಅಲ್ಲಿಯ ಗೇಣಿದಾರರು ಎದ್ದು ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು 1951ರಲ್ಲಿ, ನಮ್ಮ ಊರುಗಳು ಮುಳುಗುವುದಕ್ಕೆ ಹದಿಮೂರು ವರ್ಷ ಮುಂಚೆ. ಇದನ್ನು ಬಿಟ್ಟು ನಮ್ಮ ಕಡೆಯ ಹಳ್ಳಿಯ ಬಾಲ್ಯವನ್ನು ಬರೆದರೆ ಅರ್ಧ ಊರನ್ನು ಬಿಟ್ಟಂತೆ.

ನೀರು ಬಂದಾಗಲೂ ಹಾಗೆಯೇ. ದಾಖಲೆಯಲ್ಲಿ ನೆಲ ಯಾರ ಹೆಸರಿನಲ್ಲಿತ್ತೋ ಪರಿಹಾರ ಅವರದು. ತಲೆಮಾರುಗಳಿಂದ ಉತ್ತವರಿಗೆ ಕಾಗದವಿರಲಿಲ್ಲ. ಗೇಣಿದಾರನಿಗೆ ಭೂಮಿ ಕೊಟ್ಟ ಭೂಸುಧಾರಣೆ ಬಂದದ್ದು 1974ರಲ್ಲಿ. ಅಷ್ಟು ಹೊತ್ತಿಗೆ ಅವರು ಉಳುತ್ತಿದ್ದ ಗದ್ದೆಯ ಮೇಲೆ ನೀರು ನಿಂತು ಹತ್ತು ವರ್ಷವಾಗಿತ್ತು. ಅದಕ್ಕೇ ಯಾವ ಗದ್ದೆ ಎಂದು ಕೇಳಿದ ಮೇಲೆ ಅದನ್ನು ಯಾರು ಮಾಡುತ್ತಿದ್ದರು ಎಂದೂ ಕೇಳು. ಆ ಮನೆಯವರು ಈಗ ಎಲ್ಲಿದ್ದಾರೆಂದು ವಿಚಾರಿಸಿ ಅಲ್ಲಿಗೂ ಹೋಗು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದ ಕೈಗಳು ಆ ಮನೆಗಳಲ್ಲಿದ್ದವು. ಅವರು ಹೇಳುವ ಊರು ನಾವು ಹೇಳುವ ಊರಿಗೆ ಹೊಂದದಿದ್ದರೆ ಹೊಂದಿಸಲು ಹೋಗಬೇಡ. ಎರಡನ್ನೂ ಇದ್ದಂತೆ ಬರೆ.

ಕಷ್ಟವನ್ನು ಕೇಳಲು ಸಂಕೋಚಪಡಬೇಡ. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಹೆರಿಗೆಯಲ್ಲಿ ಹೋದವರು, ಚಳಿಜ್ವರದಲ್ಲಿ ಹೋದ ಮಕ್ಕಳು ಪ್ರತಿ ಮನೆಯಲ್ಲೂ ಇದ್ದರು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ. ಕಾಡಿಗೆ ಸೊಪ್ಪು ತರಲು ಹೋಗುವ ಹೆಂಗಸರ ಎದೆಯಲ್ಲಿ ಆ ಭಯ ಎಷ್ಟಿತ್ತೆಂದು ನನಗೆ ನೆನಪಿದೆ. ಹಳ್ಳಿಯೇ ಸ್ವರ್ಗವಾಗಿತ್ತು ಎನ್ನುವವರು ಇದನ್ನು ದಾಟಿಕೊಂಡು ಹೋಗುತ್ತಾರೆ. ಅಂಥ ಮಾತನ್ನು ನಾನು ಒಪ್ಪುವುದಿಲ್ಲ.

ಊರು ಬಿಟ್ಟದ್ದನ್ನು ಮಾತ್ರ ಅವಸರಪಡಿಸಿ ಕೇಳಬೇಡ. ಇದೇ ಹೊಳೆಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗಲೇ ಮೇಲೆದ್ದು ಬಂದಿದ್ದ ಕೆಲವರು, ಲಿಂಗನಮಕ್ಕಿಯ ನೀರು ಬಂದಾಗ ಎರಡನೇ ಸಲ ಎದ್ದರು. ಹಿರೇಭಾಸ್ಕರದ ಆ ಹಳೆಯ ಕಟ್ಟೆಯೇ ಈಗ ನೀರಿನೊಳಗಿದೆ, ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಲಾರಿಗೆ ಪಾತ್ರೆ, ಮಂಚ, ದನಕರು ಹೇರಿಕೊಂಡು ಶಿವಮೊಗ್ಗದ ಕಡೆಯ ಕಾಡುಗಳಿಗೆ ಹೋದವರ ಕೆಲವು ಊರುಗಳು ಆಮೇಲೆ ಶೆಟ್ಟಿಹಳ್ಳಿ ಅಭಯಾರಣ್ಯದ ಒಳಗೇ ಉಳಿದವು. ಅರಣ್ಯ ಭೂಮಿ ಎಂಬ ತಕರಾರಿನಿಂದ ಹಕ್ಕುಪತ್ರಕ್ಕೆ ಅಲೆಯುವುದು ಮೂರನೇ ತಲೆಮಾರಿಗೂ ತಪ್ಪಿಲ್ಲ. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅಲ್ಲಿಯ ಕರೆಂಟು ದೂರದ ಊರುಗಳನ್ನು ಬೆಳಗಿದ ಎಷ್ಟೋ ವರ್ಷಗಳ ನಂತರವೂ ಮುಳುಗಡೆಯ ಮನೆಗಳಲ್ಲಿ ಚಿಮಣಿ ದೀಪವೇ ಇತ್ತು. ಹಿನ್ನೀರಿನಾಚೆಯ ತುಮರಿಯ ಕಡೆಯವರು ದಶಕಗಟ್ಟಲೆ ಲಾಂಚನ್ನೇ ನಂಬಿಕೊಂಡಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಇಷ್ಟೆಲ್ಲ ಹೊತ್ತವರ ಮುಂದೆ ನೀನು ಕೂತಿದ್ದೀಯೆಂದು ನೆನಪಿಡು. ಅವರು ಸುಮ್ಮನಾದರೆ ನೀನೂ ಸುಮ್ಮನಿರು. ಮಾತು ಮತ್ತೆ ಅಡಿಕೆ ಸುಲಿತಕ್ಕೆ ಹೊರಳಿದರೆ ಅದನ್ನೇ ಕೇಳು.

ಹೋಗುವ ಮೊದಲು ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದು. ಲೋಕೋಪಯೋಗಿ ಇಲಾಖೆಯಲ್ಲಿದ್ದು ಅಣೆಕಟ್ಟಿನ ದಿನಗಳನ್ನು ಹತ್ತಿರದಿಂದ ಕಂಡವರು ಅವರು. ಕಾಸರವಳ್ಳಿಯವರ 'ದ್ವೀಪ' ಸಿನಿಮಾವನ್ನೂ ನೋಡು. ಅವೆಲ್ಲ ದೊಡ್ಡ ಕೆಲಸಗಳು. ನೀನು ಅಂಥದ್ದನ್ನು ಬರೆಯಬೇಕೆಂದು ನಾನು ಕೇಳುತ್ತಿಲ್ಲ. ಒಂದು ಊರು ಸಾಕು. ಅದರ ಮನೆಗಳು, ಗದ್ದೆಗಳು, ಮರಗಳು, ಉತ್ತವರು, ಹೊತ್ತವರು, ಹೆಸರು ಸಮೇತ.

ನಿನ್ನ ಹಾಗೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮುಳುಗಡೆ ಮನೆತನದ ಮೊಮ್ಮಕ್ಕಳು ಬಹಳ ಇದ್ದೀರಿ. ಈ ಪತ್ರ ನಿಮ್ಮೆಲ್ಲರಿಗೂ. ಊರಿಗೆ ಬಂದಾಗ ಊಟ ಮುಗಿಸಿ ಹೊರಟುಬಿಡಬೇಡಿ. ಒಂದು ಪುಸ್ತಕ, ಒಂದು ಪೆನ್ನು ಹಿಡಿದು ಜಗಲಿಯಲ್ಲಿ ಕೂತುಕೊಳ್ಳಿ. ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿ, ಒಪ್ಪಿಗೆ ಪಡೆದು ಮಾಡಿ. ನಮ್ಮ ಮನೆಯ ಜಗಲಿಯಾದ ಮೇಲೆ, ನಮ್ಮ ಗದ್ದೆಯನ್ನು ಉತ್ತವರ ಜಗಲಿಗೂ ಹೋಗಿ. ಇದನ್ನು ಬರುವ ಬೇಸಿಗೆಗೇ ಮಾಡಿ, ಮುಂದೂಡಬೇಡಿ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಜ್ಜ